ಹೊಗೆ ಹೀರುವ ಯಂತ್ರದ ಬಾಯಿ ಎಲ್ಲಿರಬೇಕು?
ವರ್ಕ್‌ಶಾಪ್‌ನಲ್ಲಿ ಚಕ್ರದ ಮೇಲೆ ಸಾಗಿಸುವ ವೆಲ್ಡಿಂಗ್ ಹೊಗೆ ಹೀರುವ ಯಂತ್ರವಿದ್ದರೆ, ಅದರ ಬಾಯಿಯ ಅಗಲ ಎಷ್ಟಿದೆಯೋ ಬೆಸುಗೆಯಿಂದ ಅಷ್ಟು ದೂರದೊಳಗೇ ಅದನ್ನು ಇಡಿ. 20 ಸೆಂಟಿಮೀಟರ್ ಬಾಯಿಗೆ 20 ಸೆಂಟಿಮೀಟರ್ ದೂರವೇ ಗಡಿ. ಅಷ್ಟು ದೂರದಲ್ಲೇ ಗಾಳಿಯ ಸೆಳೆತ ಬಾಯಿಯಲ್ಲಿರುವುದರ ಸುಮಾರು ಹತ್ತನೇ ಒಂದು ಭಾಗಕ್ಕೆ ಕುಸಿದಿರುತ್ತದೆ; ಇನ್ನೂ ದೂರವಿಟ್ಟರೆ ಮೋಟಾರಿನ ಸದ್ದಷ್ಟೇ ಲಾಭ. ಬಿಸಿ ಹೊಗೆ ಮೇಲೇಳುವುದರಿಂದ ಬಾಯಿ ಬೆಸುಗೆಗಿಂತ ತುಸು ಮೇಲೆ, ಪಕ್ಕಕ್ಕೆ ಓರೆಯಾಗಿರಲಿ. ವೆಲ್ಡರ್ ತಲೆಯ ಮೇಲೆ ನೇರವಾಗಿ ಇಡಲೇಬೇಡಿ, ಹೊಗೆ ಅವರ ಮೂಗಿನ ಮುಂದೆಯೇ ಹಾದು ಹೋಗುತ್ತದೆ. ಮಿಗ್ ವೆಲ್ಡಿಂಗ್‌ನಲ್ಲಿ (ಅನಿಲದ ಹೊದಿಕೆಯಲ್ಲಿ ತಂತಿ ಕರಗಿಸಿ ಬೆಸೆಯುವ ವಿಧಾನ) ತೀರಾ ಹತ್ತಿರ ತಂದರೆ ಬೆಸುಗೆಯನ್ನು ಗಾಳಿಯಿಂದ ಕಾಪಾಡುವ ರಕ್ಷಕ ಅನಿಲವೂ ಎಳೆದುಹೋಗಿ ಬೆಸುಗೆಯಲ್ಲಿ ಸೂಜಿಮೊನೆಯಂಥ ರಂಧ್ರಗಳು ಮೂಡುತ್ತವೆ. ಕಂಡ ಕೂಡಲೇ ಸ್ವಲ್ಪ ಹಿಂದಕ್ಕೆ ಸರಿಸಿ. ಪೆಡೆಸ್ಟಲ್ ಫ್ಯಾನ್ ಅಡ್ಡ ಬೀಸುತ್ತಿದ್ದರೆ ಅಥವಾ ಬಯಲುಗಾಳಿಯಿದ್ದರೆ ಈ ಉಪಾಯ ನಡೆಯದು. ತುಂಬಿದ ಫಿಲ್ಟರನ್ನು ಕಂಪ್ರೆಸರ್‌ನಿಂದ ಊದಬೇಡಿ, ದಯವಿಟ್ಟು. ಹಿಡಿದಿಟ್ಟ ಸೂಕ್ಷ್ಮ ಧೂಳೆಲ್ಲ ಮತ್ತೆ ಶ್ವಾಸಕೋಶಕ್ಕೇ ಸೇರುತ್ತದೆ. ಟ್ಯಾಂಕ್‌ನಂಥ ಮುಚ್ಚಿದ ಜಾಗದಲ್ಲಿ ಇದೊಂದನ್ನೇ ನಂಬುವಂತಿಲ್ಲ: ಫಿಲ್ಟರ್ ಕಣಗಳನ್ನು ಹಿಡಿಯುತ್ತದೆಯೇ ಹೊರತು ಕಾರ್ಬನ್ ಮಾನಾಕ್ಸೈಡ್ ಅನ್ನು ಹಿಡಿಯುವುದಿಲ್ಲ, ಆಮ್ಲಜನಕವನ್ನೂ ತುಂಬಿಕೊಡುವುದಿಲ್ಲ. ಅಲ್ಲಿಗೆ ಹೊರಗಿನ ತಾಜಾ ಗಾಳಿಯನ್ನೇ ಹಾಯಿಸಬೇಕು.