ಅಡಿಕೆ ಸಿಪ್ಪೆಯಿಂದ ಲಿಗ್ನಿನ್ ತೆಗೆಯುವುದು ಹೇಗೆ?

ಲಿಗ್ನಿನ್ ಎಂದರೆ ಮರ, ನಾರುಗಳಿಗೆ ಗಟ್ಟಿತನ ಕೊಡುವ ವಸ್ತು. ಅದರ ಪ್ರಾಜೆಕ್ಟ್ ಹಿಡಿದ ಡಿಗ್ರಿ ವಿದ್ಯಾರ್ಥಿಗಳಿಗೆ ಸಿಪ್ಪೆ ಬೇಯಿಸುವುದು ಕಷ್ಟವಲ್ಲ. ಎಲ್ಲ ಹಾಳಾಗುವುದು ಆಸಿಡ್ ಹಾಕುವಾಗ.

ಕಚ್ಚಾವಸ್ತುವಾಗಿ ಅಡಿಕೆ ಸಿಪ್ಪೆಯನ್ನೇ ತನ್ನಿ. ಬಂಟ್ವಾಳ, ಪುತ್ತೂರು ಕಡೆ ಅದು ಬಚ್ಚಲೊಲೆಗೆ ಹೋಗುತ್ತದೆ, ಕೇಳಿದರೆ ಯಾರೂ ಇಲ್ಲವೆನ್ನರು. ಬೈಹುಲ್ಲು ಮಾತ್ರ ಬೇಡ. ಅದರ ಸಿಲಿಕಾ ಕ್ಷಾರದಲ್ಲಿ ಕರಗಿ, ಆಸಿಡ್ ಬಿದ್ದ ಕೂಡಲೇ ಲೋಳೆಯಾಗಿ ಫಿಲ್ಟರ್ ಕಟ್ಟಿಸುತ್ತದೆ.

ಸಿಪ್ಪೆ ಒಣಗಿಸಿ, ಪುಡಿ ಮಾಡಿ, ಬಿಸಿನೀರಿನಲ್ಲಿ ತೊಳೆದು ಚೊಗರು ತೆಗೆಯಿರಿ. 100 ಗ್ರಾಂ ಪುಡಿಗೆ 1 ಲೀಟರ್ ನೀರು, 40 ಗ್ರಾಂ ಕಾಸ್ಟಿಕ್ ಸೋಡಾ. 90 ಡಿಗ್ರಿಯಲ್ಲಿ 2 ಗಂಟೆ. ಕನ್ನಡಕ, ಗ್ಲೌಸ್ ಕಡ್ಡಾಯ. ಪಾತ್ರೆ ಸ್ಟೀಲಿನದೇ ಆಗಬೇಕು. ಅಲ್ಯೂಮಿನಿಯಮ್ಮನ್ನು ಸೋಡಾ ತಿಂದು ಹೈಡ್ರೋಜನ್ ಬಿಡುತ್ತದೆ. ಅಂಗಡಿಯಲ್ಲಿ ಸಿಗುವ ಪೈಪ್ ಬ್ಲಾಕ್ ತೆಗೆಯುವ ಪುಡಿಯಲ್ಲೂ ಅಲ್ಯೂಮಿನಿಯಂ ಚೂರು ಬೆರೆಸಿರುವುದುಂಟು, ಹಾಗಾಗಿ ಅದರ ಸಹವಾಸ ಬೇಡ. ಸೋಡಾವನ್ನು ಬೇಗ ತೂಗಿ ಡಬ್ಬಿ ಮುಚ್ಚಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ನೋಡನೋಡುತ್ತ ನೀರೊಡೆಯುತ್ತದೆ.

ಬಟ್ಟೆಯಲ್ಲಿ ಸೋಸಿದರೆ ಲಿಗ್ನಿನ್ ಕರಗಿದ ಕಪ್ಪು ದ್ರಾವಣ ಸಿಗುತ್ತದೆ. ಅವಸರ ಬಿಡಬೇಕಾದ್ದು ಇಲ್ಲಿಂದ. ಸಲ್ಫ್ಯೂರಿಕ್ ಆಸಿಡ್ ಶೇ 10ರಷ್ಟು ತೆಳುವಾಗಿರಲಿ. ನೀರಿಗೆ ಆಸಿಡ್ ಸುರಿಯಬೇಕೇ ಹೊರತು ಆಸಿಡ್‌ಗೆ ನೀರಲ್ಲ. ಕಪ್ಪು ದ್ರಾವಣವನ್ನು 60 ಡಿಗ್ರಿಗೆ ಬಿಸಿ ಮಾಡಿ, ಕಲಕುತ್ತ ಈ ತೆಳು ಆಸಿಡನ್ನು ತೊಟ್ಟು ತೊಟ್ಟಾಗಿ ಬಿಡಿ. ನೊರೆ ಏರಿದರೆ ನಿಲ್ಲಿಸಿ, ಇಳಿದ ಮೇಲೆ ಮುಂದುವರಿಸಿ. ಕಪ್ಪು ತಿಳಿಯಾಗುತ್ತ, ಹಾಲು ಬೆರೆಸಿದ ಚಹಾದ ಬಣ್ಣದ ಕೆನೆಯಾಗಿ ಲಿಗ್ನಿನ್ ಕಾಣುತ್ತದೆ. ಆಯಿತೆಂದು ಅಲ್ಲೇ ಬಿಡಬೇಡಿ! ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 5ರಲ್ಲಿ ನಿಲ್ಲಿಸಿದರೆ ಲಿಗ್ನಿನ್‌ನ ಒಂದು ಪಾಲು ನೀರಲ್ಲೇ ಉಳಿಯುತ್ತದೆ. 2ಕ್ಕೆ ಇಳಿಯಲೇಬೇಕು. ಪಿಎಚ್ ಪೇಪರ್ ನಂಬಬೇಡಿ, ದ್ರಾವಣದ ಕಂದು ಬಣ್ಣವೇ ಅದಕ್ಕೆ ಅಂಟುತ್ತದೆ. ಲ್ಯಾಬಿನ ಮೀಟರ್ ಕೇಳಿ ಪಡೆಯಿರಿ. ಮತ್ತೆ ಅರ್ಧ ಗಂಟೆ 60 ಡಿಗ್ರಿಯಲ್ಲಿಟ್ಟರೆ ಕಣಗಳು ಗಟ್ಟಿಯಾಗಿ ಕೂಡಿಕೊಳ್ಳುತ್ತವೆ. ರಾತ್ರಿಯಿಡೀ ತಳ ಕಟ್ಟಲು ಬಿಟ್ಟು ಸೋಸಿ.

ತೊಳೆಯುವಾಗ ಹೆಚ್ಚಿನವರು ನಲ್ಲಿ ನೀರು ಸುರಿದು ಕೆಡಿಸುತ್ತಾರೆ. ಪಿಎಚ್ ಏರಿದರೆ ಲಿಗ್ನಿನ್ ನುಣ್ಣಗೆ ಒಡೆದು ಫಿಲ್ಟರ್ ಪೇಪರಿನ ರಂಧ್ರಗಳನ್ನು ಮುಚ್ಚುತ್ತದೆ. ಮೊದಲು ಪಿಎಚ್ 2ರ ಆಸಿಡ್ ನೀರು, ಕೊನೆಗೆ ಒಂದಿಷ್ಟು ತಣ್ಣೀರು, ಅಷ್ಟು ಸಾಕು. 40ರಿಂದ 50 ಡಿಗ್ರಿಯಲ್ಲಿ ಒಣಗಿಸಿ. ಒದ್ದೆ ಇರುವಾಗ ಹೆಚ್ಚು ಕಾವು ಕೊಟ್ಟರೆ ಪುಡಿಯ ಬದಲು ಡಾಂಬರಿನಂಥ ಗಟ್ಟಿ ಮುದ್ದೆ ಕೈಗೆ ಬರುತ್ತದೆ.

ಇನ್ನು ಲಿಗ್ನಿನ್ನನ್ನು ಸಣ್ಣ ಅಣುಗಳಾಗಿ ಒಡೆಯುವ ಕೆಲಸ. ಕ್ಷಾರದಲ್ಲಿ ತಾಮ್ರದ ಲವಣ ಸೇರಿಸಿ, ಆಮ್ಲಜನಕದ ಒತ್ತಡದಲ್ಲಿ ಸುಮಾರು 170 ಡಿಗ್ರಿಗೆ ಕಾಯಿಸಿದರೆ ಅದರ ತುಣುಕುಗಳನ್ನು ಜೋಡಿಸಿರುವ ಈಥರ್ ಬಂಧಗಳು ತುಂಡಾಗಿ ವೆನಿಲಾ ಪರಿಮಳದ ವೆನಿಲಿನ್, ಅದರ ಹತ್ತಿರದ ಸಿರಿಂಜಾಲ್ಡಿಹೈಡ್ ಮುಂತಾದವು ಹುಟ್ಟುತ್ತವೆ. 100 ಗ್ರಾಂ ಲಿಗ್ನಿನ್‌ಗೆ ವೆನಿಲಿನ್ ಕೆಲವೇ ಗ್ರಾಂ. ಅಡುಗೆ ಕುಕ್ಕರ್ 120 ಡಿಗ್ರಿ ದಾಟುವುದಿಲ್ಲ, ಆ ಸಾಹಸ ಬೇಡವೇ ಬೇಡ. ಒತ್ತಡದ ರಿಯಾಕ್ಟರ್ ಇಲ್ಲದ ಕಾಲೇಜಿಗೆ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಸಾಕು: ಕ್ಷಾರ ದ್ರಾವಣದಲ್ಲಿ, ಮುಚ್ಚಳ ಬಿಗಿಯದೆ, 70 ಡಿಗ್ರಿ. ಬಣ್ಣ ತಿಳಿಯಾಗುವುದು ಕಣ್ಣಿಗೇ ಕಾಣುತ್ತದೆ. ಆದರೆ ಇಲ್ಲಿ ಲಿಗ್ನಿನ್‌ನ ಬೆಂಜೀನ್ ಉಂಗುರಗಳೇ (ಆರು ಇಂಗಾಲದ ಬಳೆಗಳು) ಒಡೆದು ಆಕ್ಸಾಲಿಕ್, ಫಾರ್ಮಿಕ್ ಆಮ್ಲಗಳಾಗುವುದೇ ಹೆಚ್ಚು. ವೆನಿಲಾ ಪರಿಮಳಕ್ಕೆ ಕಾಯಬೇಡಿ.

ಉಳಿದ ಆಸಿಡ್ ನೀರಿಗೆ ಚಿಪ್ಪಿ ಸುಣ್ಣ ಹಾಕಿ ಪಿಎಚ್ 7ಕ್ಕೆ ತಂದ ಮೇಲಷ್ಟೇ ಸಿಂಕಿಗೆ ಬಿಡಿ.