ಎರಡು ಅಂದರೆ ನಾಲ್ಕು ಬರುತ್ತಿತ್ತು

ಕಲಬುರಗಿಯಲ್ಲಿ ಜೂನಿಯರ್ ಹುಡುಗರಿಗೆ ಕೋಡ್ ಬರೆಯಲು ಬಳಸುವ ವಿಮ್ ಎಡಿಟರ್‌ನ ಸೆಟ್ಟಿಂಗ್‌ಗಳ ಬಗ್ಗೆ ಎರಡು ಪುಟ ಬರೆದುಕೊಟ್ಟಿದ್ದೆ. ಚೆನ್ನಾಗಿ ಬರೆದಿದ್ದೇನೆ ಅಂತ ಸ್ವಲ್ಪ ಜಂಬವೂ ಇತ್ತು. ಮರುದಿನವೇ ಒಬ್ಬ ಬಂದ. "ಅಣ್ಣಾ, ನೀವು ಬರ್ದಂಗೇ ಮಾಡೀನಿ. ಎರಡು ಸ್ಪೇಸ್ ಇಟ್ರೂ ಪೈಥಾನ್‌ನಾಗ ನಾಕೇ ಬರ್ಲಕತ್ತದ!"

ವಿಮ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್, ಅಂದರೆ ಅವನ ವಿಮ್‌ಆರ್‌ಸಿ ನೋಡಿದೆ. ಶಿಫ್ಟ್‌ವಿಡ್ತ್ (ಇಂಡೆಂಟ್, ಅಂದರೆ ಸಾಲಿನ ಮುಂದೆ ಬಿಡುವ ಜಾಗದ ಅಳತೆ) 2 ಅಂತಲೇ ಇದೆ, ತಪ್ಪೇನಿಲ್ಲ. ಬಿಸಿಲು ಬೇರೆ, ಫ್ಯಾನ್ ಕೆಳಗೂ ಬೆವರು. ಕೊನೆಗೆ ಪೈಥಾನ್ ಫೈಲ್ ತೆರೆದು, ಕೋಲನ್ ಒತ್ತಿ 'ವರ್ಬೋಸ್ ಸೆಟ್ ಶಿಫ್ಟ್‌ವಿಡ್ತ್' ಬರೆದು ಪ್ರಶ್ನೆ ಚಿಹ್ನೆ ಹಾಕಿದೆ. ಮೌಲ್ಯ 4 ಅಂತ ತೋರಿಸಿತು, ಕೊನೆಗೆ ಬದಲಿಸಿದ್ದು ವಿಮ್ ಜೊತೆಗೇ ಬರುವ ಪೈಥಾನ್ ಫೈಲ್‌ಟೈಪ್ ಪ್ಲಗಿನ್, ಅಂದರೆ ಪೈಥಾನ್ ಫೈಲ್‌ಗಳಿಗೆಂದೇ ಇರುವ ಸೆಟ್ಟಿಂಗ್‌ಗಳ ಕಡತ! ಅದು ಫೈಲ್ ತೆರೆದಾಗ ಓಡುತ್ತದೆ, ಅಂದರೆ ನಮ್ಮ ಸಾಲು ಓದಿದ ಮೇಲೆ. ಆ ಪ್ಲಗಿನ್ ಆನ್ ಮಾಡಿ ಅಂತ ಬರೆದವನು ನಾನೇ ಅಲ್ವಾ!

ಆ ಪ್ಲಗಿನ್ 4 ಇಡದಂತೆ ತಡೆಯಲು ವಿಮ್‌ಆರ್‌ಸಿಯಲ್ಲಿ 'ಪೈಥಾನ್ ರೆಕಮೆಂಡೆಡ್ ಸ್ಟೈಲ್' ಅನ್ನು 0 ಮಾಡಿದೆವು, ಸರಿಹೋಯಿತು. ಪೈಥಾನ್‌ನಲ್ಲಿ 4 ಸ್ಪೇಸ್ ಇಡುವುದೇ ರೂಢಿ, ಅದನ್ನೂ ಹೇಳಿದೆ. ಹುಡುಗ ಕೇಳಲಿಲ್ಲ.

ಆಮೇಲೆ ಪುಟಗಳನ್ನು ಮತ್ತೆ ಬರೆದೆ. ಮೊದಲು ಸುಮ್ನೆ "ಇದು ಇಂಡೆಂಟ್ ಅಳತೆ" ಅಂತಿತ್ತು. ಈಗ ಶಿಫ್ಟ್‌ವಿಡ್ತ್ ಬದಲಿಸದಿದ್ದರೆ 8 ಇರುತ್ತದೆ, ಸಾಲನ್ನು ಎಲ್ಲಿ ಬರೆಯಬೇಕು, ಅದನ್ನು ಯಾವುದು ಮೀರಬಹುದು, ಎಲ್ಲ ಇದೆ. ಪರೀಕ್ಷಿಸುವ ಆ ಕಮಾಂಡ್ ಮಾತ್ರ ಮೊದಲ ಪುಟದ ಮೇಲ್ಗಡೆಯೇ ಹಾಕಿದ್ದೇನೆ.