ಬಡ್ಡಿ ಬಿಟ್ಟು ಅಂಗಡಿ ನಡೆಸಿದ ನನ್ನ ಅನುಭವ

ಕಾರವಾರದ ಬೈತಖೋಲ ಬಂದರಿನಲ್ಲಿ ಬಡ್ಡಿಯಿಲ್ಲದೆ ಸಾಲ ಕೊಟ್ಟೂ ಅಂಗಡಿ ಉಳಿಸಿಕೊಳ್ಳಬಹುದು. ನಾನು ಉಳಿಸಿಕೊಂಡಿದ್ದೇನೆ. ವರ್ಷದೊಳಗೆ ಬಾಗಿಲು ಹಾಕುತ್ತೀಯ ಎಂದಿದ್ದ ಚರ್ಚಿನ ಹಿರಿಯರೇ ಈಗ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ.

ನನ್ನದು ಬಲೆ, ಹಗ್ಗದ ವ್ಯಾಪಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಕ್ಕಳ ಶಾಲೆ ಶುರುವಾಗುವುದೂ ಆಗಲೇ. ಬೋಟುಗಳಲ್ಲಿ ದುಡಿಯುವ ಖಲಾಸಿಗಳು ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ಕೈಯೊಡ್ಡುತ್ತಾರೆ. ತಿರುಗಿ ಬರುವ ಆಸೆಯಿಲ್ಲದೆ ಸಾಲ ಕೊಡಿ ಎಂದು ಯೇಸು ಹೇಳಿದ್ದು ಬೈಬಲ್ಲಿನ ಲೂಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ಕ್ರಿ.ಶ. 325ರಲ್ಲಿ ಬಿಷಪ್ಪರು ಸೇರಿದ್ದ ನೈಸಿಯಾ ಸಭೆ ಬಡ್ಡಿ ಬೇಡವೆಂದದ್ದು ಪಾದ್ರಿಗಳಿಗೆ ಮಾತ್ರ ಎಂದು ಗೆಳೆಯನೊಬ್ಬ ವಾದಿಸಿದ. ಲೂಕನಲ್ಲಿರುವ ಮಾತು ಕೇಳುತ್ತಿದ್ದವರೆಲ್ಲರಿಗೂ ಹೇಳಿದ್ದು ಎಂದೆ.

ಮೊದಲ ವರ್ಷ ಸುಮಾರು ಎರಡು ಲಕ್ಷ ಕೊಟ್ಟೆ; ಅರ್ಧವೂ ಬರಲಿಲ್ಲ. ಸಗಟು ವ್ಯಾಪಾರಿಯ ಬಾಕಿ ತೀರಿಸಲು ಹೆಂಡತಿಯ ಬಳೆ ಗಿರವಿಗೆ ಹೋಯಿತು. ಬಡ್ಡಿ ಬಿಟ್ಟವನೇ ಬಡ್ಡಿ ಕಟ್ಟಿದೆ. ಮರುವರ್ಷ ಹಣದ ಬದಲು ಅಕ್ಕಿ ಕೊಟ್ಟು ನೋಡಿದೆ. ಶುಲ್ಕ ಕಟ್ಟಬೇಕಾದವರು ಅದನ್ನು ಅರ್ಧ ಬೆಲೆಗೆ ಮಾರಿದರು. ಅಕ್ಕಿಯನ್ನು ಅಲ್ಲಿಗೇ ಬಿಟ್ಟೆ.

ದಾರಿ ಸಿಕ್ಕಿದ್ದು ಲೂಕನ 14ರಲ್ಲಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನಲ್ಲ, ಹಾಗೆ ಪ್ರತಿ ಮೇ ತಿಂಗಳಲ್ಲಿ ಕಳೆದುಕೊಂಡರೂ ಅಂಗಡಿ ನಿಲ್ಲುವಷ್ಟು ಮೊತ್ತ ಗೊತ್ತುಮಾಡಿ, ಬಾಡಿಗೆಯ ಕೆಳಗೆ ಖರ್ಚೆಂದೇ ಬರೆದುಬಿಡುತ್ತೇನೆ. ಅದು ಮುಗಿದ ಮೇಲೆ ಯಾರೇ ಬಂದರೂ ಇಲ್ಲ. ಮರಳಿ ಬಂದದ್ದು ಮುಂದಿನ ಮಳೆಗಾಲಕ್ಕೆ. ಈಚೆಗೆ ನೂರರಲ್ಲಿ ಎಂಬತ್ತರಷ್ಟು ತಾನಾಗಿಯೇ ಬರುತ್ತಿದೆ. ಬಂದರಿನಲ್ಲಿ ಬೇರೆ ಯಾರಿಗೂ ಇಷ್ಟು ಬರುವುದನ್ನು ನಾನು ಕಂಡಿಲ್ಲ. ಯಾರಿಗೆ ಮೊದಲು ಕೊಡುತ್ತೇನೆ ಎಂಬ ಗುಟ್ಟನ್ನು ಮಾತ್ರ ಬರೆಯಲಾರೆ. ಬರೆದರೆ ಬಡ್ಡಿಯವರೂ ಅವರ ಮನೆಗೇ ಹೋಗುತ್ತಾರೆ.

ದುಡ್ಡಿನ ನಷ್ಟ ಸಣ್ಣದು. ಅಂಗಡಿಯಲ್ಲಿ ಪಾಲುದಾರನಾಗಿದ್ದ ಅಣ್ಣ "ನಿನ್ನ ಪುಣ್ಯಕ್ಕೆ ನನ್ನ ಮಕ್ಕಳು ಉಪವಾಸ ಬೀಳಬೇಕೇ?" ಎಂದು ಪಾಲು ತೆಗೆದುಕೊಂಡು ಹೋದ. ಕ್ರಿಸ್‌ಮಸ್ಸಿಗೂ ಬರುವುದಿಲ್ಲ. ಗೋಪುರದ ಮಾತಿಗೆ ಎರಡೇ ವಚನ ಮೊದಲು ಯೇಸು ತಂದೆತಾಯಿ, ಅಣ್ಣತಮ್ಮಂದಿರ ಹೆಸರೆತ್ತಿ, ಅವರನ್ನೂ ದ್ವೇಷಿಸದವನು ತನ್ನ ಶಿಷ್ಯನಾಗಲಾರ ಎಂದಿದ್ದಾನೆ. ಅಣ್ಣನನ್ನು ಖರ್ಚಿನ ಪುಟದಲ್ಲಿ ಬರೆಯಲು ನನ್ನಿಂದಾಗಿಲ್ಲ. ಪ್ರತಿ ಹಬ್ಬಕ್ಕೂ ಕರೆಯುತ್ತೇನೆ.

ಬರುವ ಮೇನಲ್ಲಿ ಮೊತ್ತವನ್ನು ಮೂರು ಲಕ್ಷಕ್ಕೆ ಏರಿಸಲಿದ್ದೇನೆ. ನೀವೂ ಶುರುಮಾಡುವುದಾದರೆ ಮೊದಲು ಮನೆಯವರನ್ನು ಕೂರಿಸಿಕೊಂಡು ಆ ಪುಟ ತೋರಿಸಿ.